ಅಬ್ಸಿಂತ್ ಗ್ಲಾಸ್ ಹುಡುಕಿಕೊಂಡು ಮೋಟಿಯೆಗೆ

ಸ್ವಿಟ್ಜರ್ಲೆಂಡಿಗೆ ಹೋದವರೆಲ್ಲ ಹಿಮ ನೋಡಿ ಬರುತ್ತಾರೆ. ನಿಮ್ಮ ಹತ್ತಿರ ಒಂದು ದಿನ ಜಾಸ್ತಿ ಇದ್ದರೆ ಮೋಟಿಯೆಗೆ ಹೋಗಿ. ನ್ಯೂಶಾಟೆಲ್‌ನಿಂದ ಲೋಕಲ್ ರೈಲು ಹತ್ತಿದರೆ ಮುಕ್ಕಾಲು ಗಂಟೆಯೊಳಗೆ ಸಿಗುವ ಪುಟ್ಟ ಊರು.

ಅಬ್ಸಿಂತ್ ಅಂದರೆ ಅದೇ ಹೆಸರಿನ ಗಿಡ, ಸೋಂಪು ಹಾಕಿ ಭಟ್ಟಿ ಇಳಿಸುವ ಕಡು ಮದ್ಯ. ಇಲ್ಲಿನ ಅಬ್ಸಿಂತ್ ಮ್ಯೂಸಿಯಂ ಹಿಂದೆ ಕೋರ್ಟ್ ಆಗಿತ್ತು. ಈ ಮದ್ಯಕ್ಕೆ ಇಲ್ಲಿ 1910ರಿಂದ 2005ರವರೆಗೆ ನಿಷೇಧ ಇತ್ತು, ಕದ್ದುಮುಚ್ಚಿ ಭಟ್ಟಿ ಇಳಿಸಿ ಸಿಕ್ಕಿಬಿದ್ದವರು ಇದೇ ಕಟ್ಟಡದಲ್ಲಿ ಕಟಕಟೆ ಹತ್ತುತ್ತಿದ್ದರು. ಈಗ ಅಲ್ಲೇ ಕೂತು ರುಚಿ ನೋಡಬಹುದು, ಮಜಾ ಅಲ್ವಾ? ಅಬ್ಸಿಂತ್ ಗಿಡವೂ ನಮ್ಮ ದವನದ ಕುಲದ್ದೇ, ಆದರೆ ಸಿಕ್ಕಾಪಟ್ಟೆ ಕಹಿ.

ನನಗೆ ಬೇಕಿದ್ದದ್ದು ಗ್ಲಾಸು. ಪೊಂತಾರ್ಲಿಯೆ ಗ್ಲಾಸ್ ಅಂತ ಕೇಳಿ. ಕಾಲಿರುವ ಗ್ಲಾಸು, ತಳದಲ್ಲಿ ಒಂದು ಪುಟ್ಟ ಗುಳಿ, ಆ ಗುಳಿಯೇ ಅಳತೆ. ಅದು ತುಂಬುವಷ್ಟು ಮದ್ಯ ಹಾಕಿ, ಗ್ಲಾಸಿನ ಬಾಯಿಯ ಮೇಲೆ ತೂತುಗಳಿರುವ ಚಪ್ಪಟೆ ಚಮಚ ಅಡ್ಡ ಇಟ್ಟು, ಅದರ ಮೇಲೆ ಸಕ್ಕರೆ ತುಂಡು ಕೂರಿಸಿ, ನಾಲ್ಕು ನಲ್ಲಿಯ ಗಾಜಿನ ಹೂಜಿಯಿಂದ ತಣ್ಣೀರನ್ನು ತೊಟ್ಟು ತೊಟ್ಟಾಗಿ ಬಿಡಬೇಕು. ನಾನು ಆತುರಕ್ಕೆ ನಲ್ಲಿ ಪೂರ್ತಿ ತಿರುಗಿಸಿ ಸಕ್ಕರೆಯನ್ನೇ ಗ್ಲಾಸಿನೊಳಗೆ ಬೀಳಿಸಿದೆ. ಎರಡನೇ ಸಲ ನಿಧಾನಕ್ಕೆ ಬಿಟ್ಟೆ. ಮೊದಲು ಹೊಗೆಯ ಎಳೆಯಂತೆ ಏನೋ ಸುಳಿಯಿತು, ಆಮೇಲೆ ಇಡೀ ಗ್ಲಾಸು ಅಕ್ಕಿ ತೊಳೆದ ನೀರಿನ ಬಣ್ಣಕ್ಕೆ ತಿರುಗಿತು. ಸೋಂಪಿನ ಎಣ್ಣೆ ಆಲ್ಕೋಹಾಲಿನಲ್ಲಿ ಕರಗುತ್ತದೆ, ನೀರು ಜಾಸ್ತಿಯಾದರೆ ಬೇರೆಯಾಗುತ್ತದೆ, ಅಷ್ಟೇ. ಒಂದು ಪಾಲಿಗೆ ಮೂರರಿಂದ ಐದು ಪಾಲು ನೀರು. ಸಕ್ಕರೆಗೆ ಬೆಂಕಿ ಹಚ್ಚುವುದು 1990ರ ದಶಕದಲ್ಲಿ ಚೆಕ್ ಬಾರ್‌ಗಳು ಶುರು ಮಾಡಿದ ಶೋಕಿ, ಇಲ್ಲಿ ಕೇಳಲು ಹೋಗಬೇಡಿ.

ಕಾರಿದ್ದರೆ ಗಡಿ ದಾಟಿ ಫ್ರಾನ್ಸಿನ ಪೊಂತಾರ್ಲಿಯೆಗೂ ಹೋಗಿ, ಗ್ಲಾಸಿಗೆ ಹೆಸರು ಬಂದದ್ದೇ ಆ ಊರಿನಿಂದ. ಅಲ್ಲಿನ ಮ್ಯೂಸಿಯಂನಲ್ಲೂ ಹಳೇ ಗ್ಲಾಸು, ಚಮಚಗಳಿವೆ. ಎರಡೂ ದೇಶಕ್ಕೆ ಷೆಂಗೆನ್ ವೀಸಾ ಒಂದೇ ಸಾಕು, ಪಾಸ್‌ಪೋರ್ಟ್ ಮಾತ್ರ ಮರೆಯಬೇಡಿ.

ಕೊಳ್ಳುವಾಗ ಮೊದಲು ಚಮಚ ತಗೊಳ್ಳಿ, ಹಗುರ, ಒಡೆಯಲ್ಲ. ಗ್ಲಾಸನ್ನು ಕಾಲುಚೀಲದೊಳಗೆ ತುರುಕಿ ಕೈಚೀಲದಲ್ಲೇ ಇಟ್ಟುಕೊಳ್ಳಿ. ನಾನು ಎರಡು ಗ್ಲಾಸು ಸೂಟ್‌ಕೇಸಿಗೆ ಹಾಕಿದ್ದೆ, ಒಂದರ ಕಾಲು ಮುರಿದೇ ಬೆಂಗಳೂರು ತಲುಪಿತು. ಬಾಟಲಿಗೆ ಮಾತ್ರ ಸೂಟ್‌ಕೇಸೇ ಗತಿ. ಲೇಬಲ್ ನೋಡಿ ತಗೊಳ್ಳಿ: ಆಲ್ಕೋಹಾಲ್ 70 ಪರ್ಸೆಂಟ್ ದಾಟಿದ್ದರೆ ವಿಮಾನಕ್ಕೆ ಬಿಡುವುದಿಲ್ಲ, ಕೆಲವು ಅಬ್ಸಿಂತ್ ಅದನ್ನೂ ದಾಟುತ್ತವೆ.