ಬಿಲ್ ಸರಿ ಬಂತು, ಬುಕಿಂಗ್ ಬರಲಿಲ್ಲ

ರೂಮ್ ಬಾಡಿಗೆ ದಿನಕ್ಕೆ 7,500 ರೂಪಾಯಿವರೆಗೆ ಇದ್ದರೆ ಅದರ ಜಿಎಸ್‌ಟಿ ಶೇ. 12ರಿಂದ 5ಕ್ಕೆ ಇಳಿದದ್ದು 2025ರ ಸೆಪ್ಟೆಂಬರ್ 22ರಂದು. ಮೈಸೂರಿನಲ್ಲಿ ದಸರಾ ಶುರುವಾದದ್ದೂ ಅವತ್ತೇ. ನಮ್ಮದು 62 ರೂಮಿನ ಹೋಟೆಲ್. ಹಿಂದಿನ ರಾತ್ರಿ ನೈಟ್ ಆಡಿಟ್ (ಆ ದಿನದ ಲೆಕ್ಕ ಮುಚ್ಚುವ ಕೆಲಸ) ಮುಗಿಸಿ, ಪಿಎಂಎಸ್‌ನಲ್ಲಿ, ಅಂದರೆ ಬುಕಿಂಗ್, ಬಿಲ್ ಎಲ್ಲ ನಡೆಯುವ ಹೋಟೆಲ್ ಸಾಫ್ಟ್‌ವೇರ್‌ನಲ್ಲಿ, ಟ್ಯಾಕ್ಸ್ ಬದಲಿಸುವ ಕೆಲಸ ನನ್ನದು.

ಬದಲಿಸಿದೆ. ದಸರಾ ಪ್ಯಾಕೇಜಿನ ಹಳೆಯ ರೇಟ್ ಪ್ಲಾನ್ (ಬೆಲೆ, ಷರತ್ತುಗಳ ಸೆಟ್ಟಿಂಗ್) ತೆಗೆದು ಹೊಸದು ಮಾಡಿದೆ. ಒಂದು ಟೆಸ್ಟ್ ಬಿಲ್ ತೆಗೆದೆ, 5 ಪರ್ಸೆಂಟ್ ಸರಿಯಾಗಿ ಬಂತು. ಕೆಲಸ ಮುಗಿಯಿತು ಅಂದುಕೊಂಡೆ. ಆನ್‌ಲೈನ್ ಬುಕಿಂಗ್ ಸೈಟುಗಳನ್ನು ಪಿಎಂಎಸ್‌ಗೆ ಜೋಡಿಸುವ ಸಾಫ್ಟ್‌ವೇರ್ ಚಾನೆಲ್ ಮ್ಯಾನೇಜರ್. ಅದನ್ನು ತೆರೆದು ಮ್ಯಾಪಿಂಗ್, ಅಂದರೆ ಸೈಟಿನ ಯಾವ ಪ್ಲಾನ್ ನಮ್ಮ ಯಾವ ಪ್ಲಾನಿಗೆ ಸೇರಬೇಕು ಅನ್ನುವ ಜೋಡಣೆ, ನೋಡಲೇ ಇಲ್ಲ.

ನಾಲ್ಕೈದು ದಿನ ಆದ ಮೇಲೆ ರಿಸರ್ವೇಷನ್ ಹುಡುಗ ಬಂದು, "ಸರ್, ಆ ಒಂದು ಸೈಟಿಂದ ಪ್ಯಾಕೇಜ್ ಬುಕಿಂಗ್ ಒಂದೂ ಬಂದಿಲ್ಲ" ಅಂದ. "ಎರಡು ರಾತ್ರಿ ಕಡ್ಡಾಯ ಅಲ್ವಾ, ಜನಕ್ಕೆ ಜಾಸ್ತಿ ಅನಿಸಿರುತ್ತೆ" ಅಂದೆ. ಅವನು ಸುಮ್ನೆ ಹೋದ. ನನಗೆ ಇವತ್ತಿಗೂ ಚುಚ್ಚುವುದು ಆ ಮಾತು.

ಅಕ್ಟೋಬರ್ 1, ಆಯುಧ ಪೂಜೆ. ಬೆಳಿಗ್ಗೆ ಸರ್ವರ್‌ಗೆ ಕುಂಕುಮ ಇಟ್ಟು, ರಿಸೆಪ್ಷನ್ ಮಾನಿಟರ್‌ಗೆ ಚೆಂಡು ಹೂವು ಏರಿಸಿದ್ದೆವು. ಸಂಜೆ ಏಳೂವರೆಗೆ ಹುಬ್ಬಳ್ಳಿಯ ಒಂದು ಕುಟುಂಬ ಬಂತು. ಕೈಯಲ್ಲಿ ವೋಚರ್ ಇದೆ, ನಮ್ಮ ಅರೈವಲ್ ಲಿಸ್ಟ್‌ನಲ್ಲಿ ಹೆಸರಿಲ್ಲ. ಹೆಸರು ಹಾಕಿ ಹುಡುಕಿದೆ, ಫೋನ್ ನಂಬರ್ ಹಾಕಿ ಹುಡುಕಿದೆ, ಇಲ್ಲ. ಅಷ್ಟರಲ್ಲಿ ಅಂಥದ್ದೇ ಇನ್ನೊಂದು ವೋಚರ್. ಎಂಟೂವರೆಯೊಳಗೆ ನಾಲ್ಕಾದವು. ಹೌಸ್ ಫುಲ್. ಮಾರನೇ ದಿನ ಜಂಬೂ ಸವಾರಿ, ಊರಲ್ಲಿ ಯಾರ ಹತ್ತಿರವೂ ರೂಮಿಲ್ಲ.

ಅಜ್ಜಿಯೊಬ್ಬರು ಮಂಡಿ ಒತ್ತಿಕೊಳ್ಳುತ್ತಾ ಸೋಫಾ ಮೇಲೆ ಕೂತಿದ್ದರು. "ರೊಕ್ಕ ತಗೊಂಡೀರಲ್ಲಪಾ, ಈಗ ರೂಮ್ ಇಲ್ಲಂದ್ರ ಹೆಂಗ?" ಅಂದರು. ಜೋರಾಗಿ ಹೇಳಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಗೀಸರ್ ಕೆಟ್ಟು ಔಟ್ ಆಫ್ ಆರ್ಡರ್ ಹಾಕಿದ್ದ ರೂಮೊಂದು ಇತ್ತು. ಹೌಸ್‌ಕೀಪಿಂಗ್‌ನವರು ಇಪ್ಪತ್ತು ನಿಮಿಷದಲ್ಲಿ ಅದನ್ನು ರೆಡಿ ಮಾಡಿದರು. ಅಡುಗೆಮನೆಯಿಂದ ಬಕೆಟ್‌ನಲ್ಲಿ ಬಿಸಿನೀರು ಹೊತ್ತು ತಂದು ಅಜ್ಜಿಯವರನ್ನು ಅಲ್ಲಿ ಇಳಿಸಿದೆವು. ಉಳಿದ ಮೂರು ಕುಟುಂಬಗಳನ್ನು ವಾಕ್ ಮಾಡಬೇಕಾಯಿತು, ಅಂದರೆ ಬೇರೆ ಹೋಟೆಲ್‌ಗೆ ಕಳಿಸಬೇಕಾಯಿತು, ಎರಡು ನಂಜನಗೂಡಿಗೆ, ಒಂದು ಶ್ರೀರಂಗಪಟ್ಟಣಕ್ಕೆ. ಟ್ಯಾಕ್ಸಿಯೂ ನಮ್ಮದೇ, ಬಾಡಿಗೆಯ ವ್ಯತ್ಯಾಸವೂ ನಮ್ಮದೇ.

ಹಬ್ಬ ಮುಗಿದ ಮೇಲೆ ಹುಡುಕಿದಾಗ ಕಾರಣ ಸಿಕ್ಕಿತು. ಆ ಸೈಟ್ ಹಳೆಯ ಪ್ಲಾನನ್ನೇ ಮಾರುತ್ತಾ ಇತ್ತು. ಬುಕಿಂಗ್‌ಗಳು ಪಿಎಂಎಸ್‌ಗೆ ಇಳಿಯದೆ ಚಾನೆಲ್ ಮ್ಯಾನೇಜರ್‌ನಲ್ಲೇ ಅನ್‌ಮ್ಯಾಪ್ಡ್ ಅಂತ ಕೆಂಪಗೆ ನಿಂತಿದ್ದವು. ಎಚ್ಚರಿಕೆಯ ಮೇಲ್‌ಗಳೂ ಬಂದಿದ್ದವು, ಆದರೆ ಜೂನ್‌ನಲ್ಲೇ ಕೆಲಸ ಬಿಟ್ಟಿದ್ದ ಹುಡುಗಿಯ ಐಡಿಗೆ. ಅದನ್ನು ಬದಲಿಸಬೇಕು ಅಂತ ಯಾರಿಗೂ ಹೊಳೆದಿರಲಿಲ್ಲ. ರಾತ್ರಿ ಸಪೋರ್ಟ್ ಬೇಡ, ದುಡ್ಡು ಉಳಿಯುತ್ತೆ ಅಂತ ಮ್ಯಾನೇಜ್‌ಮೆಂಟ್ ಎಎಂಸಿಯನ್ನು (ಸಾಫ್ಟ್‌ವೇರ್‌ನ ವಾರ್ಷಿಕ ನಿರ್ವಹಣಾ ಒಪ್ಪಂದ) ಹಗಲಿಗೆ ಮಾತ್ರ ತೆಗೆದುಕೊಂಡಿತ್ತು.

ಮೀಟಿಂಗ್‌ನಲ್ಲಿ ಮೊದಲು ಬಂದ ಮಾತು, "ಬೇರೆ ಸಾಫ್ಟ್‌ವೇರ್ ತಗೊಳ್ಳೋಣ." ನಾನು ಒಪ್ಪಲಿಲ್ಲ. ಇದೇ ಸಾಫ್ಟ್‌ವೇರ್ ಬರುವ ಮೊದಲು ಐದು ಸೈಟಿನ ಎಕ್ಸ್‌ಟ್ರಾನೆಟ್‌ಗಳಲ್ಲಿ (ಹೋಟೆಲ್‌ನವರು ಲಾಗಿನ್ ಆಗುವ ಪುಟಗಳು) ಒಂದೊಂದಾಗಿ ರೂಮ್ ಕ್ಲೋಸ್ ಮಾಡಲು ಒಬ್ಬರಿಗೆ ಗಂಟೆ ಹಿಡಿಯುತ್ತಿತ್ತು. ಈಗ ಅದು ನಿಮಿಷದ ಕೆಲಸ. ದೋಷ ಅದರದ್ದಲ್ಲ. 62 ರೂಮಿನ ಹೋಟೆಲ್‌ನಲ್ಲಿ ಮ್ಯಾಪಿಂಗ್ ಗೊತ್ತಿದ್ದದ್ದು ನನಗೊಬ್ಬನಿಗೆ, ಅದೂ ಅರ್ಧ. ಹೊಸ ಲೈಸೆನ್ಸ್‌ಗೆ ಹಾಕುವ ದುಡ್ಡಲ್ಲಿ ಮೂರು ಜನಕ್ಕೆ ಎರಡು ದಿನ ಟ್ರೈನಿಂಗ್ ಕೊಡಿಸಿ, ರಾತ್ರಿ ಸಪೋರ್ಟ್ ತೆಗೆದುಕೊಳ್ಳಿ ಅಂತ ಕೇಳಿದೆ. ಟ್ರೈನಿಂಗ್ ಸಿಕ್ಕಿತು. ಸಪೋರ್ಟ್ ಇನ್ನೂ ಸಿಕ್ಕಿಲ್ಲ.

ಈಗ ರೇಟ್ ಪ್ಲಾನ್ ಮುಟ್ಟಿದರೆ ಪ್ರತಿ ಸೈಟಿಂದಲೂ ಒಂದು ಟೆಸ್ಟ್ ಬುಕಿಂಗ್ ಹಾಕಿ, ಅದು ಪಿಎಂಎಸ್‌ಗೆ ಇಳಿಯಿತಾ ನೋಡಿ, ಕ್ಯಾನ್ಸಲ್ ಮಾಡುತ್ತೇವೆ. ಬೆಳಿಗ್ಗೆ ಏಳಕ್ಕೆ ಶಿಫ್ಟ್ ಬದಲಾಗುವಾಗ ಸಿಂಕ್ ಲಾಗ್ (ಯಾವ ಬುಕಿಂಗ್ ಇಳಿಯಿತು, ಯಾವುದು ಇಲ್ಲ ಅನ್ನುವ ದಾಖಲೆ) ನೋಡುವುದು ಅದೇ ರಿಸರ್ವೇಷನ್ ಹುಡುಗ. ಅವನು "ಬಂದಿಲ್ಲ ಸರ್" ಅಂದರೆ ನಾನು ಎದ್ದು ಹೋಗಿ ಅವನ ಸ್ಕ್ರೀನ್ ನೋಡುತ್ತೇನೆ.