ಬಳ್ಳಾರಿಯಲ್ಲಿ ಕೂತು ಸೈನ್ಸ್ ಫಿಕ್ಷನ್ ಬರೆದು ಬದುಕಬಹುದೇ?

"ಬಳ್ಳಾರ್ಯಾಗ ಕುಂತು ಸೈನ್ಸ್ ಫಿಕ್ಷನ್ ಬರದ್ರ ಹೊಟ್ಟಿ ತುಂಬ್ತದೇನ್ರಿ ಸರ?" ಸಾಹಿತ್ಯದ ಕಾರ್ಯಕ್ರಮ ಮುಗಿದು ಚಹಾಕ್ಕೆ ನಿಂತಾಗ ಯಾರಾದರೂ ಒಬ್ಬರು ಇದನ್ನು ಕೇಳಿಯೇ ಕೇಳುತ್ತಾರೆ. ಬೆನ್ನಿಗೇ ಇನ್ನೊಂದು ಬರುತ್ತದೆ: "ಹಂಗಾರ ಬೆಂಗಳೂರಿಗೇ ಹೋಗ್ಬೇಕೇನ್ರಿ?" ಹೊಟ್ಟೆ ತುಂಬುವುದಿಲ್ಲ. ಬೆಂಗಳೂರಿಗೆ ಹೋಗುವ ಅಗತ್ಯವೂ ಇಲ್ಲ. ಬಳ್ಳಾರಿ, ರಾಯಚೂರು, ಕೊಪ್ಪಳದಲ್ಲಿ ನೌಕರಿಯೋ ಹೊಲವೋ ಅಂಗಡಿಯೋ ಇಟ್ಟುಕೊಂಡು ಬರೆಯುವುದೇ ಲೇಸು. ಯಾಕೆ ಅನ್ನುವುದನ್ನು ಲೆಕ್ಕದಿಂದಲೇ ಶುರು ಮಾಡೋಣ.

ಹೊಸ ಲೇಖಕರ ಕನ್ನಡ ಕಾದಂಬರಿ ಸಾಮಾನ್ಯವಾಗಿ 500ರಿಂದ 1,000 ಪ್ರತಿ ಅಚ್ಚಾಗುತ್ತದೆ. ಗೌರವಧನ ಎಂದು ಕೊಡುವವರು ಮುಖಬೆಲೆಯ ಶೇ 10ರ ಆಸುಪಾಸು ಕೊಡುತ್ತಾರೆ. 250 ರೂಪಾಯಿಯ ಪುಸ್ತಕ ಸಾವಿರಕ್ಕೆ ಸಾವಿರವೂ ಖರ್ಚಾಯಿತು ಅನ್ನಿ, ಕೈಗೆ ಬರುವುದು 25,000. ಮಾರಾಟಕ್ಕೆ ಎರಡು ವರ್ಷ ಹಿಡಿದರೆ ತಿಂಗಳಿಗೆ ಸಾವಿರದ ಚಿಲ್ಲರೆ. ದುಡ್ಡಿನ ಬದಲು ಪ್ರತಿಗಳನ್ನೇ ಕೊಟ್ಟು ಕೈತೊಳೆದುಕೊಳ್ಳುವ ಪ್ರಕಾಶಕರೂ ಇದ್ದಾರೆ. ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿದರೆ ಲಾಭವೆಲ್ಲ ನಮ್ಮದೇ ಅಂದುಕೊಳ್ಳುವವರು ವಿತರಕರ ಕಮಿಷನ್ ಮರೆತಿರುತ್ತಾರೆ. ಅದೇ ಮುಖಬೆಲೆಯ ಶೇ 30ರಿಂದ 50 ನುಂಗುತ್ತದೆ, ಉಳಿದದ್ದರಲ್ಲಿ ಅಚ್ಚಿನ ಖರ್ಚು ಕಳೆಯಬೇಕು. ಗ್ರಂಥಾಲಯ ಇಲಾಖೆಯ ಸಗಟು ಖರೀದಿಗೆ ಅರ್ಜಿ ಹಾಕಿ, ಆದರೆ ಆ ಹಣ ಬರುವ ಮೊದಲೇ ಅದನ್ನು ನಂಬಿ ಸಾಲ ಮಾಡಬೇಡಿ.

ನೌಕರಿ ಇಟ್ಟುಕೊಂಡು ಬರೆಯುವುದು ಸೋಲಲ್ಲ. ಚೀನಾದ ಲಿಯು ತ್ಸಿಶಿನ್ ಶಾಂಶಿ ಪ್ರಾಂತ್ಯದ ಒಂದು ವಿದ್ಯುತ್ ಸ್ಥಾವರದಲ್ಲಿ ಕಂಪ್ಯೂಟರ್ ಎಂಜಿನಿಯರ್ ಆಗಿದ್ದುಕೊಂಡೇ ಬರೆದವರು. ಅವರ 'ತ್ರೀ-ಬಾಡಿ ಪ್ರಾಬ್ಲಮ್' ಕಾದಂಬರಿ 2006ರಲ್ಲಿ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂತು, 2014ರಲ್ಲಿ ಇಂಗ್ಲಿಷಿಗೆ ಹೋಯಿತು, 2015ರಲ್ಲಿ ಸೈನ್ಸ್ ಫಿಕ್ಷನ್‌ನ ದೊಡ್ಡ ಪ್ರಶಸ್ತಿಯಾದ ಹ್ಯೂಗೋ ಪಡೆಯಿತು. ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರದಲ್ಲಿ ಪಾಳಿ ಮಾಡುತ್ತ ಬರೆಯುವ ಆಸೆ ಇರುವವರು ಇದನ್ನು ನೆನಪಿಟ್ಟುಕೊಳ್ಳಬಹುದು. ಅಮೆರಿಕದ ಐಸಾಕ್ ಅಸಿಮೋವ್ ಅವರ ಮೊದಲ ಕಥೆ ಅಚ್ಚಾದದ್ದು 1939ರಲ್ಲಿ, ಪೂರ್ಣಾವಧಿ ಬರವಣಿಗೆಗೆ ಇಳಿದದ್ದು 1958ರಲ್ಲಿ. ನಡುವಿನ 19 ವರ್ಷ ಓದು, ನೌಕರಿ, ಜೀವರಸಾಯನದ ಪಾಠ. ಅದೂ ಕಥೆಗೆ ದುಡ್ಡು ಕೊಡುವ ಪತ್ರಿಕೆಗಳಿದ್ದ ದೇಶದಲ್ಲಿ. ಸರ್ಕಾರಿ ನೌಕರರು ಮಾತ್ರ ತಮ್ಮ ನಡತೆ ನಿಯಮವನ್ನು ಒಮ್ಮೆ ಓದಿ, ಅನುಮತಿ ಬೇಕೋ ಬೇಡವೋ ತಿಳಿದುಕೊಂಡು ಮುಂದುವರಿಯುವುದು ಒಳ್ಳೆಯದು.

ಹೊತ್ತಿನ ಲೆಕ್ಕವೂ ಅಷ್ಟು ಕಷ್ಟದ್ದಲ್ಲ. ದಿನಕ್ಕೆ 400 ಪದ, ವಾರಕ್ಕೆ ಐದು ದಿನ, 25 ವಾರ ಬರೆದರೆ 50,000 ಪದದ ಮೊದಲ ಕರಡು ಸಿಗುತ್ತದೆ. ಕಾದಂಬರಿಗಳ ಸಾಮಾನ್ಯ ಆಕಾರವಾದ ಡೆಮಿ ಅಳತೆಯಲ್ಲಿ ಸುಮಾರು 200 ಪುಟ. ನಮ್ಮ ಕಡೆ ಏಪ್ರಿಲ್, ಮೇ ತಿಂಗಳಲ್ಲಿ ಮಧ್ಯಾಹ್ನ ಬರೆಯುತ್ತೇನೆ ಅನ್ನುವವರು ರಾಯಚೂರಿನ ಬಿಸಿಲು ಕಂಡವರಲ್ಲ. ಬೆಳಗಿನ ಐದರಿಂದ ಏಳು ಇದ್ದದ್ದರಲ್ಲಿ ಒಳ್ಳೆಯ ಹೊತ್ತು. ಕರಡು ಮುಗಿದ ಮೇಲೆ ಒಂದು ತಿಂಗಳು ಮುಟ್ಟದೆ ಇಟ್ಟು, ಆಮೇಲೆ ತಿದ್ದಲು ಕೂಡಬೇಕು. ಬರೆದಷ್ಟೇ ಹೊತ್ತು ತಿದ್ದಲಿಕ್ಕೂ ಹಿಡಿಯುತ್ತದೆ ಎಂದು ಇಟ್ಟುಕೊಳ್ಳಿ.

ಊರಲ್ಲೇ ಇದ್ದು ಬರೆಯಿರಿ ಅನ್ನುವುದಕ್ಕೆ ದುಡ್ಡಿಗಿಂತ ದೊಡ್ಡ ಕಾರಣ ನಮ್ಮ ಓದುಗರು. ಬೆಂಗಳೂರಿನ ಓದುಗರಿಗೆ ಅಣೆಕಟ್ಟು ಅಂದರೆ ಬರೀ ನೋಟ. ಸಿಂಧನೂರಿನ ಕ್ಯಾಂಪಿನ ರೈತರು ಬೆಳಿಗ್ಗೆ ಎದ್ದು ಪೇಪರಿನಲ್ಲಿ ಮೊದಲು ನೋಡುವುದೇ ತುಂಗಭದ್ರೆಯ ಮಟ್ಟ, ಒಳಹರಿವು, ಹೊರಹರಿವು. ಅವರ ಮುಂದೆ ಸುಳ್ಳು ವಿಜ್ಞಾನ ನಡೆಯುವುದಿಲ್ಲ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಂನ ನೆತ್ತಿಯ ಮೇಲಿನ 33 ಕ್ರೆಸ್ಟ್ ಗೇಟುಗಳಲ್ಲಿ 19ನೆಯದು ಚೈನ್ ತುಂಡಾಗಿ ಕೊಚ್ಚಿಹೋಯಿತಲ್ಲ, ಅದನ್ನಿಟ್ಟು ಭವಿಷ್ಯದ ಕಥೆ ಹೊಸೆಯುವ ಆಸೆ ಬಹಳ ಜನರಿಗೆ ಬರುತ್ತದೆ. 2080ರಲ್ಲಿ ಗೇಟುಗಳೆಲ್ಲ ಒಟ್ಟಿಗೆ ಮುರಿದು ಒಂದೇ ರಾತ್ರಿಯಲ್ಲಿ ಜಲಾಶಯ ಖಾಲಿ, ಬೆಳಗಾಗುವಷ್ಟರಲ್ಲಿ ಮೀನು ಒದ್ದಾಡುತ್ತಿವೆ! ಕೇಳಲು ಚೆಂದ. ಆದರೆ ಲೆಕ್ಕ ಹಾಕಿ ನೋಡಿ. ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ, ಒಂದು ಕ್ಯೂಸೆಕ್ ಅಂದರೆ ಸೆಕೆಂಡಿಗೆ ಒಂದು ಘನ ಅಡಿಯ ಹರಿವು. ಒಂದು ಲಕ್ಷ ಕ್ಯೂಸೆಕ್‌ನಂತೆ ಇಡೀ ದಿನ ಬಿಟ್ಟರೆ ಹೋಗುವುದು 8.64 ಟಿಎಂಸಿ. ಜಲಾಶಯದ ಈಗಿನ ಸಾಮರ್ಥ್ಯ 105 ಟಿಎಂಸಿ ಚಿಲ್ಲರೆ. ಅದರಲ್ಲಿ ನೂರನ್ನು ಹತ್ತು ತಾಸಿನಲ್ಲಿ ಹೊರಹಾಕಬೇಕಾದರೆ ಸುಮಾರು 27.8 ಲಕ್ಷ ಕ್ಯೂಸೆಕ್ ಬೇಕು. ಇನ್ನೂ ದೊಡ್ಡ ತಪ್ಪೊಂದಿದೆ. ಪೂರ್ಣ ಮಟ್ಟ 1,633 ಅಡಿ, ಗೇಟು ಕೂರುವ ಹೊಸ್ತಿಲು 1,613 ಅಡಿ. ಗೇಟಿನ ಎತ್ತರ 20 ಅಡಿ ಮಾತ್ರ. ಅಂದಮೇಲೆ ಗೇಟುಗಳೆಲ್ಲ ಹೋದರೂ ಮೇಲಿನ 20 ಅಡಿಯ ನೀರು ಹರಿದುಹೋಗುತ್ತದೆ, ಹೊಸ್ತಿಲ ಕೆಳಗಿನದು ಅಲ್ಲೇ ನಿಲ್ಲುತ್ತದೆ. ಮಟ್ಟ ಇಳಿದಂತೆ ಹರಿವಿನ ರಭಸವೂ ಇಳಿಯುತ್ತ ಹೋಗುತ್ತದೆ.

ಇಷ್ಟು ಗೊತ್ತಾದರೆ ಕಥೆ ಕೆಡುವುದಿಲ್ಲ, ಗಟ್ಟಿಯಾಗುತ್ತದೆ. ಒಂದು ರಾತ್ರಿಯ ಪ್ರಳಯದ ಬದಲು ನೀರು ದಿನದಿನವೂ ಇಳಿಯುತ್ತಿರುವುದನ್ನು ಜನ ನೋಡುತ್ತ ಕೂರುವ ಕಥೆ ಸಿಗುತ್ತದೆ. ಹೊಸ್ತಿಲ ಕೆಳಗೆ ಉಳಿದ ನೀರು ಎಡದಂಡೆಗೋ ಬಲದಂಡೆಗೋ, ಕುಡಿಯಲಿಕ್ಕೋ ಕಾರ್ಖಾನೆಗೋ? ಹಂಚುವ ಯಂತ್ರವೊಂದು ಇದ್ದರೆ ಅದು ಮಾನ್ವಿಯ ಕಾಲುವೆಯ ಕೊನೆಯ ರೈತನನ್ನು ಹೇಗೆ ಎಣಿಸುತ್ತದೆ? ಗೇಟು ಹೋದ ವಾರದಲ್ಲೇ ಹರಿಯುವ ನೀರಿಗೆ ಉಕ್ಕಿನ ಸ್ಟಾಪ್‌ಲಾಗ್, ಅಂದರೆ ತಾತ್ಕಾಲಿಕ ತಡೆಹಲಗೆ, ಇಳಿಸಿ ತಡೆದದ್ದು ನಿಜವಾಗಿ ನಡೆದ ಸಂಗತಿ. ಅದಕ್ಕಿಂತ ರೋಚಕವಾದದ್ದನ್ನು ಕಲ್ಪಿಸುವುದೇ ಕಷ್ಟ.

ಹೀಗಾಗಿ ಕಥೆಯಲ್ಲಿ ಬರುವ ಪ್ರತಿ ಅಂಕಿಗೂ ಪಕ್ಕದ ವಹಿಯಲ್ಲಿ ಒಂದು ಸಾಲು ಲೆಕ್ಕ ಇರಲಿ: ಎಷ್ಟು ದೂರ, ಎಷ್ಟು ಹೊತ್ತು, ಎಷ್ಟು ತೂಕ, ಶಕ್ತಿ ಎಲ್ಲಿಂದ ಬಂತು. ಅದನ್ನೆಲ್ಲ ಕಥೆಯೊಳಗೆ ಸುರಿಯಬೇಡಿ. ಹೊಸಬರ ಕಥೆಗಳು ವಾಪಸ್ ಬರುವುದಕ್ಕೆ ಮುಖ್ಯ ಕಾರಣ ಮೂರನೇ ಪುಟದಲ್ಲಿ ಪ್ರೊಫೆಸರ್ ಒಬ್ಬರು ಎದ್ದು ನಿಂತು ಎರಡು ಪುಟ ಪಾಠ ಮಾಡುವುದು.

ಫ್ಯಾಂಟಸಿಗೆ ಇಲ್ಲಿ ಸಾಮಗ್ರಿ ಕೇಳಬೇಕೇ? ಆನೆಗೊಂದಿಯ ಸುತ್ತಲಿನದೇ ಕಿಷ್ಕಿಂಧೆ ಎನ್ನುವ ನಂಬಿಕೆ ಎಲ್ಲರಿಗೂ ಗೊತ್ತು, ಎಲ್ಲರೂ ಅದನ್ನೇ ಬರೆಯುತ್ತಾರೆ. ಅದನ್ನು ಸ್ವಲ್ಪ ಬಿಟ್ಟು ಹಿರೇಬೆಣಕಲ್ಲಿನ ಬೆಟ್ಟದ ಮೇಲಿರುವ ಬೃಹತ್ ಶಿಲಾಯುಗದ ಕಲ್ಮನೆಗಳನ್ನು ನೋಡಿ ಬನ್ನಿ. ಕುಡತಿನಿಯ ಬೂದಿದಿಬ್ಬ ನವಶಿಲಾಯುಗದ ದನಗಾಹಿಗಳು ರಾಶಿ ಹಾಕಿದ ಸಗಣಿ ಸುಟ್ಟು ಆದದ್ದು ಎಂದು ಪುರಾತತ್ವಜ್ಞರು ಹೇಳುತ್ತಾರೆ. ಅಂಥದ್ದೇ ಬೂದಿಯನ್ನು ಹಂಪಿಯ ಹತ್ತಿರದ ನಿಂಬಾಪುರದಲ್ಲಿ ಜನ ವಾಲಿಯ ಚಿತೆ ಅನ್ನುತ್ತಾರೆ. ಎರಡೂ ಮಾತನ್ನು ಒಂದೇ ಕಥೆಯಲ್ಲಿ ನಿಲ್ಲಿಸಬಲ್ಲವರು ಇನ್ನೂ ಬರಬೇಕಾಗಿದೆ. ಬಳ್ಳಾರಿಯ ಪಕ್ಕದ ಸಂಗನಕಲ್ಲು, ಕಪ್ಪಗಲ್ಲು ಗುಡ್ಡದ ಕರಿಬಂಡೆಗಳಲ್ಲಿ ಕೆಲವನ್ನು ಸಣ್ಣ ಕಲ್ಲಿನಿಂದ ತಟ್ಟಿದರೆ ಗಂಟೆಯಂತೆ ದನಿ ಬರುತ್ತದೆ. ಸಾವಿರಾರು ವರ್ಷ ತಟ್ಟಿ ತಟ್ಟಿ ಬಿದ್ದ ಬಟ್ಟಲಿನಂಥ ಕುಳಿಗಳು ಇಂದಿಗೂ ಅಲ್ಲಿವೆ. ಮಂತ್ರಶಕ್ತಿ ಇರುವ ಲೋಕ ಕಟ್ಟುವವರಿಗೆ ಒಂದೇ ನಿಯಮ: ಶಕ್ತಿಗೆ ಬೆಲೆ ಇರಬೇಕು, ಆ ಬೆಲೆ ಮೊದಲೇ ಗೊತ್ತಾಗಿರಬೇಕು. ಕೊನೆಯ ಪುಟದಲ್ಲಿ ಹೊಸ ವರ ಹುಟ್ಟಿಕೊಂಡರೆ ಓದುಗರು ಪುಸ್ತಕ ಮುಚ್ಚಿಡುತ್ತಾರೆ.

ಇನ್ನು ಕಳಿಸುವುದು. ಕಾದಂಬರಿಗೆ ಕೈಹಾಕುವ ಮೊದಲು 1,500ರಿಂದ 2,500 ಪದದ ಹತ್ತು ಕಥೆ ಬರೆದು ಸುಧಾ, ಮಯೂರ, ತುಷಾರದಂಥ ಪತ್ರಿಕೆಗಳಿಗೂ ದೀಪಾವಳಿ ಕಥಾಸ್ಪರ್ಧೆಗಳಿಗೂ ಕಳಿಸಿ. ಸ್ಪರ್ಧೆಯನ್ನು ಕೀಳಾಗಿ ಕಾಣಬೇಡಿ. ಖಗೋಳ ವಿಜ್ಞಾನಿ ಜಯಂತ ನಾರಳೀಕರ್ ಮರಾಠಿಯಲ್ಲಿ ಮೊದಲ ವಿಜ್ಞಾನ ಕಥೆ ಕಳಿಸಿದ್ದು ಮರಾಠಿ ವಿಜ್ಞಾನ ಪರಿಷತ್ತಿನ ಸ್ಪರ್ಧೆಗೆ, 1974ರಲ್ಲಿ. ತಮ್ಮ ಹೆಸರು ನೋಡಿ ಬಹುಮಾನ ಕೊಟ್ಟಾರೆಂದು ಇನಿಷಿಯಲ್ಲುಗಳನ್ನು ತಿರುವಿ ಹಾಕಿ ನಾರಾಯಣ ವಿನಾಯಕ ಜಗತಾಪ ಎಂಬ ಹೆಸರಿನಲ್ಲಿ ಕಳಿಸಿದರು, ಗೆದ್ದರು. ಅದಕ್ಕೂ ಬಹಳ ಹಿಂದೆ, 1896ರಲ್ಲಿ, ಜಗದೀಶಚಂದ್ರ ಬೋಸರು ಬಂಗಾಳಿಯಲ್ಲಿ ಬರೆದ ಕಥೆಗೆ ಬಹುಮಾನ ಕೊಟ್ಟದ್ದು ತಲೆಗೆ ಹಚ್ಚುವ ಎಣ್ಣೆಯ ಕಂಪನಿಯೊಂದರ ಸ್ಪರ್ಧೆ. ಕಥೆಯಲ್ಲಿ ಚಂಡಮಾರುತ ಅಡಗುವುದೂ ತಲೆಗೆ ಹಚ್ಚುವ ಎಣ್ಣೆಯಿಂದಲೇ! ಕನ್ನಡದಲ್ಲಿ ವಿಜ್ಞಾನ ಕಥೆಗಾರ ರಾಜಶೇಖರ ಭೂಸನೂರಮಠರಂಥವರು ಹಾಕಿದ ದಾರಿ ಇದೆ, ಸಂಪಾದಕರಿಗೆ ಈ ಪ್ರಕಾರ ತೀರಾ ಹೊಸದೇನಲ್ಲ. ಕಳಿಸುವ ಕಥೆಯನ್ನು ಮೊದಲೇ ಫೇಸ್‌ಬುಕ್ಕಿನಲ್ಲೋ ಪ್ರತಿಲಿಪಿ ಆ್ಯಪ್‌ನಲ್ಲೋ ಹಾಕಿದ್ದರೆ ಅದು ಪ್ರಕಟಿತ ಎಂದೇ ಲೆಕ್ಕ. ಒಳ್ಳೆಯ ಕಥೆಗಳು ಸ್ಪರ್ಧೆಯಿಂದ ಹೊರಬೀಳುವುದು ಹೆಚ್ಚಾಗಿ ಈ ಕಾರಣಕ್ಕೆ. ಪುಸ್ತಕಕ್ಕೆ ಬಂದರೆ, ಕನ್ನಡ ಪುಸ್ತಕ ಪ್ರಾಧಿಕಾರ ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುತ್ತದೆ. ವಯಸ್ಸಿನ ಮಿತಿ ಇದೆ, ಹಸ್ತಪ್ರತಿ ಅಚ್ಚಾಗಿರಬಾರದು. ಪ್ರಕಟಣೆ ಹೊರಬಿದ್ದ ಮೇಲೆ ಟೈಪ್ ಮಾಡಲು ಕೂತರೆ ಕೊನೆಯ ದಿನ ಮುಗಿದಿರುತ್ತದೆ.

ಟೈಪಿಂಗ್ ವಿಷಯವನ್ನು ಯಾರೂ ಕೇಳುವುದಿಲ್ಲ, ಪುಸ್ತಕ ಕೆಡುವುದು ಅಲ್ಲೇ. ಮೊಬೈಲು, ಇಂಟರ್ನೆಟ್ಟಿನಲ್ಲೆಲ್ಲ ನಡೆಯುವ ಯುನಿಕೋಡ್‌ನಲ್ಲಿ ಬರೆಯಿರಿ. ಆದರೆ ಡಿಟಿಪಿ, ಅಂದರೆ ಅಚ್ಚಿಗೆ ಪುಟ ಜೋಡಿಸುವ ಕೆಲಸ, ಮಾಡುವ ಎಷ್ಟೋ ಕಡೆ ಅದನ್ನು ಹಳೆಯ ನುಡಿ ಅಥವಾ ಶ್ರೀಲಿಪಿ ಫಾಂಟಿಗೆ ಬದಲಿಸಿಕೊಳ್ಳುತ್ತಾರೆ. ಆ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ತುಣುಕುಗಳನ್ನು ಕೂರಿಸಿಕೊಂಡಿರುತ್ತವೆ. ಹಾಗಾಗಿ ನಡುವೆ ಇಂಗ್ಲಿಷ್ ಅಕ್ಷರದ ಸೂತ್ರವೋ ಸಂಕೇತವೋ ಇದ್ದರೆ ಅದು ಅರ್ಥವಿಲ್ಲದ ಕನ್ನಡವಾಗಿ ಬರುತ್ತದೆ. ಅರ್ಕಾವತ್ತು ಜಾಗ ಬದಲಿಸುತ್ತದೆ, ಫ಼ ಮತ್ತು ಜ಼ ಕೆಳಗಿನ ಚುಕ್ಕಿ ಮಾಯವಾಗುತ್ತದೆ, ಡಿಗ್ರಿ ಚಿಹ್ನೆ ಬೇರೇನೋ ಆಗುತ್ತದೆ. ಸಾಮಾಜಿಕ ಕಾದಂಬರಿಗೆ ಇದು ಸಣ್ಣ ಕಾಟ, ನಮ್ಮ ಪ್ರಕಾರಕ್ಕೆ ದೊಡ್ಡದು. ಸೂತ್ರ ಬರೆಯದೆ ಇಂಗಾಲದ ಡೈಆಕ್ಸೈಡ್ ಎಂದೇ ಬರೆಯಿರಿ. ಚಿಹ್ನೆ ಬಿಡಲಾಗದ ಕಡೆ ಪುಟಸಂಖ್ಯೆಯ ಪಟ್ಟಿ ಮಾಡಿ ಆಪರೇಟರ್ ಕೈಗೆ ಕೊಡಿ. ಅಚ್ಚಿನ ಕರಡು (ಪ್ರೂಫ್) ತಿದ್ದುವುದು ಫಾಂಟ್ ಬದಲಾದ ಮೇಲೆ, ಕಾಗದದ ಮೇಲೆ. ಅಚ್ಚಿನವರು 16 ಪುಟದ ಫಾರಂ ಲೆಕ್ಕದಲ್ಲಿ ಹೋಗುತ್ತಾರೆ. 12 ಫಾರಂ ಅಂದರೆ 192 ಪುಟ. 194ಕ್ಕೆ ಬಂದು ನಿಂತರೆ ಆಪರೇಟರ್ ಅಕ್ಷರ ಕಿರಿದು ಮಾಡುವ ಮೊದಲು ನೀವೇ ಎರಡು ಪುಟ ಕಡಿಮೆ ಮಾಡಿಕೊಡಿ. ಪುಸ್ತಕದ ಗುರುತಿನ ಸಂಖ್ಯೆಯಾದ ಐಎಸ್‌ಬಿಎನ್‌ಗೆ ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ, ಭಾರತದಲ್ಲಿ ಅದು ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಏಜೆನ್ಸಿಯಿಂದ ಉಚಿತ.

ಒಪ್ಪಂದ ಇಲ್ಲದೆ ಹಸ್ತಪ್ರತಿ ಕೊಡಬೇಡಿ. "ನಮ್ಮವರೇ ಅದಾರ ಬಿಡ್ರಿ" ಅನ್ನುವ ಮಾತು ಪುಸ್ತಕ ಓಡಿದ ದಿನ ನೆನಪಿಗೆ ಬರುತ್ತದೆ. ಅಚ್ಚು, ಇ-ಪುಸ್ತಕ, ಆಡಿಯೋ, ಅನುವಾದ, ಸಿನಿಮಾ ಹಕ್ಕುಗಳನ್ನು ಬೇರೆಬೇರೆ ಬರೆಸಿ, ಪ್ರಕಾಶಕರಿಗೆ ಅವರು ನಿಜವಾಗಿ ಮಾಡುವುದನ್ನಷ್ಟೇ ಕೊಡಿ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಹಕ್ಕು ವರ್ಗಾವಣೆ ಲಿಖಿತವಾಗಿ, ಸಹಿಯೊಂದಿಗೆ ಇರಬೇಕು. ಅವಧಿ ಬರೆದಿಲ್ಲದಿದ್ದರೆ ಐದು ವರ್ಷ, ಪ್ರದೇಶ ಬರೆದಿಲ್ಲದಿದ್ದರೆ ಭಾರತ ಮಾತ್ರ ಎಂದು ಕಾಯ್ದೆ ಹಿಡಿಯುತ್ತದೆ. ಪಡೆದ ಹಕ್ಕನ್ನು ಒಂದು ವರ್ಷದೊಳಗೆ ಬಳಸದಿದ್ದರೆ, ಒಪ್ಪಂದದಲ್ಲಿ ಬೇರೆ ರೀತಿ ಬರೆದಿಲ್ಲದಿದ್ದರೆ, ಅದು ಬಿದ್ದುಹೋಗುತ್ತದೆ. ಕೃತಿಸ್ವಾಮ್ಯ ಲೇಖಕರ ಕಾಲಾನಂತರವೂ 60 ವರ್ಷ ಉಳಿಯುವ ಆಸ್ತಿ.

ಈ ಪ್ರಕಾರದಲ್ಲಿ ದುಡ್ಡಿನ ಇನ್ನೊಂದು ಬಾಗಿಲು ಇಂಗ್ಲಿಷ್ ಅನುವಾದ. ಅಮೆರಿಕದ ಸೈನ್ಸ್ ಫಿಕ್ಷನ್ ಮತ್ತು ಫ್ಯಾಂಟಸಿ ಲೇಖಕರ ಸಂಘ ವೃತ್ತಿಪರ ದರ ಎಂದು ಒಪ್ಪುವುದು ಪದಕ್ಕೆ ಕನಿಷ್ಠ 8 ಸೆಂಟ್. ಆ ದರದಲ್ಲಿ 4,000 ಪದದ ಒಂದು ಕಥೆಗೆ 320 ಡಾಲರ್. ಸಾವಿರ ಪ್ರತಿ ಮಾರಿದ ಕಾದಂಬರಿಯ ಗೌರವಧನಕ್ಕೆ ಅದು ಹೆಚ್ಚುಕಡಿಮೆ ಸಮ. ಅನುವಾದಕರ ಪಾಲು ಎಷ್ಟು ಅನ್ನುವುದನ್ನು ಕಳಿಸುವ ಮುನ್ನವೇ ಕಾಗದದ ಮೇಲೆ ಬರೆದುಕೊಳ್ಳಿ. ಒಂದೇ ಕಥೆಯನ್ನು ಒಮ್ಮೆಗೆ ಎರಡು ಕಡೆ ಕಳಿಸುವುದನ್ನು ಬಹಳ ಪತ್ರಿಕೆಗಳು ಒಪ್ಪುವುದಿಲ್ಲ, ಆದ್ದರಿಂದ ಯಾವ ಕಥೆ ಯಾವಾಗ ಎಲ್ಲಿಗೆ ಹೋಯಿತು ಎಂಬ ಪಟ್ಟಿ ಬೇಕೇ ಬೇಕು. ಡಾಲರ್ ಖಾತೆಗೆ ಬಂದಾಗ ಯಾವ ಬಾಬ್ತಿನ ಹಣ ಎಂದು ಬ್ಯಾಂಕಿನವರು ಕೇಳುತ್ತಾರೆ. ಪತ್ರಿಕೆಯ ಒಪ್ಪಂದದ ಪ್ರತಿ ಮತ್ತು ಒಪ್ಪಿಗೆಯ ಇ-ಮೇಲ್ ಮುದ್ರಿಸಿ ಫೈಲಿನಲ್ಲಿ ಇಟ್ಟುಕೊಂಡೇ ಶಾಖೆಗೆ ಹೋಗಿ.