ಮಾಸ್ತರಿಗೆ ಹತ್ತು ಪ್ರಶ್ನೆ, ಹುಡುಗನಿಗೆ ಒಂದೂ ಇಲ್ಲ

ನವೆಂಬರ್ ಅಂದರೆ ಕಲಬುರಗಿಯ ನಮ್ಮ ಬ್ರಾಂಚಿನಲ್ಲಿ ಯಾರೂ ರಜೆ ಕೇಳುವ ಹಾಗಿಲ್ಲ. ಪೆನ್ಷನ್‌ದವರು ತಾವಿನ್ನೂ ಬದುಕಿದ್ದೇವೆ ಅಂತ ವರ್ಷಕ್ಕೊಮ್ಮೆ ಕೊಡುವ ಲೈಫ್ ಸರ್ಟಿಫಿಕೇಟ್ ತಿಂಗಳು ಅದು. ಕೇಂದ್ರ ಸರ್ಕಾರದ ಪೆನ್ಷನ್‌ದವರಲ್ಲಿ ಎಂಬತ್ತು ದಾಟಿದವರು ಅಕ್ಟೋಬರ್‌ನಲ್ಲೇ ಕೊಡಬಹುದು. ಆದರೆ ಅವರೂ ನವೆಂಬರ್ ಒಂದಕ್ಕೇ ಬರುತ್ತಾರೆ. ಅದೂ ಬೆಳಿಗ್ಗೆ ಶಟರ್ ಏರಿಸುವ ಮೊದಲೇ ಮೆಟ್ಟಿಲ ಮೇಲೆ ಕೂತಿರುತ್ತಾರೆ. ಅದನ್ನು ಆನ್‌ಲೈನ್‌ನಲ್ಲೇ ಕೊಡುವ ಜೀವನ್ ಪ್ರಮಾಣ್ 2014ರಲ್ಲೇ ಬಂತು. ಬೆರಳಿಟ್ಟರೆ ಮುಗೀತು ಅಂತ ನಮಗೆಲ್ಲ ಹೇಳಿದರು. ಹೊಲದಲ್ಲಿ ಕಳೆ ಕಿತ್ತು, ಪಾತ್ರೆ ತಿಕ್ಕಿ ಸವೆದ ಬೆರಳನ್ನು ಆ ಮಷೀನು ಗುರುತಿಸಲ್ಲ ಅಂತ ಯಾರೂ ಹೇಳಲಿಲ್ಲ. 2021ರಲ್ಲಿ ಮುಖ ತೋರಿಸಿದರೂ ಸಾಕು ಅಂತಾಯಿತು. ಅದರಲ್ಲಿ ಕಣ್ಣು ಮಿಟುಕಿಸಬೇಕು.

ನಮ್ಮ ಹೊಸ ಕ್ಲರ್ಕ್ ಹುಡುಗ, ಮಂಡ್ಯ ಕಡೆಯವನು, ಒಬ್ಬ ಅಜ್ಜಿಗೆ ಫೋನ್ ಹಿಡಿದು "ಅಜ್ಜಿ, ಕಣ್ಣು ಹೊಡೀರಿ, ಕಣ್ಣು ಹೊಡೀರಿ" ಅಂತ ಕೂಗುತ್ತಿದ್ದ. ಆಕೆ ಸೆರಗು ಸರಿ ಮಾಡಿಕೊಂಡು, "ಈ ವಯಸ್ಸಿನ್ಯಾಗ ಯಾರಿಗ್ ಕಣ್ಣ್ ಹೊಡೀಲೋ ತಮ್ಮಾ?" ಅಂದರು. ಹಾಲ್‌ನಲ್ಲಿದ್ದವರೆಲ್ಲ ನಕ್ಕರು. ಆ್ಯಪ್‌ಗೆ ನಗು ನಡೆಯಲ್ಲ, ಮತ್ತೆ ಮೊದಲಿಂದ ಶುರು.

ನಾನು ಹೇಳಹೊರಟಿದ್ದು 2024ರ ಅದೇ ನವೆಂಬರ್ ವಿಷಯ. ಆಗ ಡಿಜಿಟಲ್ ಅರೆಸ್ಟ್ ಹಾವಳಿ ಜೋರಾಗಿತ್ತು. ಪೊಲೀಸರ ವೇಷದಲ್ಲಿ ವಿಡಿಯೊ ಕಾಲ್ ಮಾಡಿ, ನಿಮ್ಮ ಹೆಸರಿನ ಪಾರ್ಸೆಲ್‌ನಲ್ಲಿ ಡ್ರಗ್ಸ್ ಸಿಕ್ಕಿದೆ ಅಂತೆಲ್ಲ ಹೆದರಿಸಿ ರೊಕ್ಕ ಕೀಳುವ ಮೋಸ ಅದು. ಅಕ್ಟೋಬರ್ 27ರ ಮನ್ ಕೀ ಬಾತ್‌ನಲ್ಲಿ ಪ್ರಧಾನಿಯೇ ಅದನ್ನು ಎತ್ತಿದ್ದರು. ಪೊಲೀಸರಾಗಲಿ ಸಿಬಿಐ ಆಗಲಿ ವಿಡಿಯೊ ಕಾಲ್‌ನಲ್ಲಿ ಯಾರನ್ನೂ ಅರೆಸ್ಟ್ ಮಾಡಲ್ಲ, ಕಾನೂನಿನಲ್ಲಿ ಅಂಥದ್ದೇ ಇಲ್ಲ ಅಂತ ಎಲ್ಲಾ ಕಡೆ ಹೇಳುತ್ತಿದ್ದರು. ಅದರ ಬೆನ್ನಿಗೇ ಆರ್.ಓ., ಅಂದರೆ ನಮ್ಮ ರೀಜನಲ್ ಆಫೀಸಿನಿಂದ ಸರ್ಕ್ಯುಲರ್. ಹಿರಿಯರು ಎಫ್‌ಡಿ ಮುರಿಸಲು ಬಂದರೆ ಹುಷಾರು. ಫೋನ್ ಕಿವಿಯಲ್ಲೇ ಇದ್ದರೆ ಹುಷಾರು. ಬೇರೆ ರಾಜ್ಯದ ಖಾತೆ, ಇವತ್ತೇ ಆಗಬೇಕೆಂಬ ಅವಸರ, ಕಾರಣ ಕೇಳಿದರೆ ಸಿಟ್ಟು, ಇವೆಲ್ಲ ಕಂಡರೆ ತಡೆದು ವಿಚಾರಿಸಿ. ಜೊತೆಗೆ ಬ್ರಾಂಚ್ ಮ್ಯಾನೇಜರ್, ನಮ್ಮ ಬಿ.ಎಂ. ಸಾಹೇಬರು ಬೆಳಿಗ್ಗೆ ನಮ್ಮನ್ನೆಲ್ಲ ನಿಲ್ಲಿಸಿ, "ನಮ್ಮ ಬ್ರಾಂಚಿನಿಂದ ಒಂದು ಕೇಸ್ ಹೋದರೂ ನನ್ನ ಮರ್ಯಾದೆ ಹೋಗುತ್ತೆ" ಅಂದಿದ್ದರು. ಗಿರಾಕಿಯ ರೊಕ್ಕದ ಸುದ್ದಿ ಆಮೇಲೆ ಬಂತು.

ಮಾಸ್ತರು ಬಂದದ್ದು ಮಧ್ಯಾಹ್ನ ಒಂದರ ಹೊತ್ತಿಗೆ. ರಿಟೈರ್ಡ್ ಹೆಡ್‌ಮಾಸ್ತರು, ಎಪ್ಪತ್ತರ ಆಚೆ. ಬಿಳಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ಎಫ್‌ಡಿ ರಸೀದಿ, ದೊಡ್ಡ ಮೊತ್ತ ಬೇರೆ ಬ್ಯಾಂಕಿಗೆ ಕಳಿಸಲು ಸಹಿ ಮಾಡಿದ ಆರ್‌ಟಿಜಿಎಸ್ ಫಾರ್ಮ್, ಚೆಕ್, ಮೂರನ್ನೂ ಪಿನ್ ಹಾಕಿ ತಂದಿದ್ದರು. ಒಂಬತ್ತು ಲಕ್ಷ. ಹೈದರಾಬಾದಿನ ಯಾವುದೋ ಟ್ರಸ್ಟ್ ಹೆಸರಿಗೆ. ಕಿವಿಯಲ್ಲಿ ಏನೋ ಇತ್ತು, ಅದರಲ್ಲೇ ಯಾರ ಜೊತೆಗೋ ತೆಲುಗಿನಲ್ಲಿ ಮಾತಾಡುತ್ತಿದ್ದರು. "ಇವತ್ತ ಕಳಸ್ಬೇಕ್ರಿ ಮೇಡಂ, ನಾಳಿ ನಡಿಯಂಗಿಲ್ಲ" ಅಂದರು. ಯಾತಕ್ಕೆ ಸರ್ ಅಂದೆ. "ಪರ್ಸನಲ್" ಅಂದರು.

ಸರ್ಕ್ಯುಲರ್‌ನಲ್ಲಿದ್ದ ಅಷ್ಟೂ ಗುರುತು ಒಬ್ಬರಲ್ಲೇ. ನನ್ನ ಎದೆ ಹೊಡೆದುಕೊಳ್ಳಲು ಶುರುವಾಯಿತು. ನಿಜ ಹೇಳಬೇಕೆಂದರೆ ಒಳಗೊಳಗೇ ಸ್ವಲ್ಪ ಹುರುಪೂ ಇತ್ತು. ಇವರನ್ನು ಉಳಿಸಿದರೆ ನಾಳೆ ಪೇಪರಿನಲ್ಲಿ ಬರುತ್ತೆ, ಅಲ್ವಾ? ಬೇರೆ ಊರಿನ ಬ್ಯಾಂಕಿನವರಿಗೆ ಎಸ್‌ಪಿ ಶಾಲು ಹೊದೆಸಿದ ಫೋಟೊ ಆ ವಾರವಷ್ಟೇ ಗ್ರೂಪಿನಲ್ಲಿ ಓಡಾಡಿತ್ತು.

ಅದೇ ಹೊತ್ತಿಗೆ ಪಕ್ಕದ ಕೌಂಟರ್‌ನಲ್ಲಿ ಒಬ್ಬ ಹುಡುಗ ನಿಂತಿದ್ದ. ಇಪ್ಪತ್ತಮೂರು, ಇಪ್ಪತ್ನಾಲ್ಕು ಇರಬಹುದು. ಬ್ಯಾಗ್, ನೀರಿನ ಬಾಟಲಿ. ಪಿಎಸ್ಐ ಪರೀಕ್ಷೆಗೆ ಓದುವ ಹುಡುಗರ ಗುರುತು ನಮ್ಮೂರಿನಲ್ಲಿ ಯಾರಿಗಾದರೂ ಸಿಗುತ್ತೆ. ಮೊಬೈಲ್ ಬ್ಯಾಂಕಿಂಗ್ ಲಿಮಿಟ್ ಏರಿಸಬೇಕಿತ್ತು ಅವನಿಗೆ. ಫಾರ್ಮ್ ತುಂಬಿಕೊಂಡೇ ಬಂದಿದ್ದ. ಕ್ಲರ್ಕ್ ಹಾಕಿದ, ನಾನು ಮಾಸ್ತರ ಕಡೆ ನೋಡುತ್ತಲೇ, ಕ್ಲರ್ಕ್ ಹಾಕಿದ್ದಕ್ಕೆ ಒಪ್ಪಿಗೆ ಕೊಡುವ ನನ್ನ ಚೆಕರ್ ಐಡಿಯಲ್ಲಿ ಓಕೆ ಒತ್ತಿದೆ. ಹುಡುಗ ಥ್ಯಾಂಕ್ಸ್ ಅಂತ ಹೇಳಿ, ಫೋನ್ ನೋಡುತ್ತಾ ಹೋದ. ಇವರ ಥರ ಎಲ್ಲರೂ ಇದ್ದರೆ ಎಷ್ಟು ಚಂದ ಅಂತ ಕ್ಲರ್ಕ್ ಅಂದದ್ದೂ ನೆನಪಿದೆ.

ಮಾಸ್ತರನ್ನು ಕ್ಯಾಬಿನ್‌ಗೆ ಕರೆದುಕೊಂಡು ಹೋಗಿ ಕೂರಿಸಿದೆ. ನೀರು ಕೊಟ್ಟೆ. ಮೊದಲು ಆ ಫೋನ್ ಇಡಿ ಸರ್ ಅಂದೆ. ಇಡಲಿಲ್ಲ. ಯಾರ ಜೊತೆ ಮಾತಾಡ್ತಿದ್ದೀರಿ, ಅವರು ಪೊಲೀಸ್ ಅಂತ ಹೇಳಿದ್ದಾರಾ, ಮನೆಯಲ್ಲಿ ಯಾರಿಗೂ ಹೇಳಬೇಡಿ ಅಂದಿದ್ದಾರಾ, ಪಾರ್ಸೆಲ್ ಅಂತ ಏನಾದರೂ ಬಂತಾ? ನಾನು ಕೇಳುತ್ತಾ ಹೋದೆ, ಅವರು ಕನ್ನಡಕದ ಮೇಲಿನಿಂದ ನೋಡುತ್ತಾ ಕೂತರು. ತರಗತಿಯಲ್ಲಿ ತಪ್ಪು ಉತ್ತರ ಹೇಳುವ ಹುಡುಗಿಯನ್ನು ನೋಡುವ ಹಾಗೆ. ಕಡೆಗೆ, "ಇಷ್ಟೆಲ್ಲಾ ಕೇಳ್ಲತ್ತೀರಲ್ಲ, ನನಗ್ ಏನಂತ ತಿಳದೀರಿ ನೀವು?" ಅಂದರು. ಧ್ವನಿ ಏರಿಸಲಿಲ್ಲ. ಕೈ ಮಾತ್ರ ಟೋಕನ್ ಚೀಟಿಯನ್ನು ಮಡಚುತ್ತಾ, ಮತ್ತೆ ಮಡಚುತ್ತಾ ಇತ್ತು. ಹೆದರಿದವರ ಕೈ ಅದು ಅಂತ ನಾನು ಲೆಕ್ಕ ಹಾಕಿದೆ.

ಎರಡು ನಿಮಿಷ ಬಂದೆ ಸರ್ ಅಂತ ಹೊರಗೆ ಹೋಗಿ ಎಫ್‌ಡಿಯ ಹಳೇ ಫಾರ್ಮ್ ತೆಗೆಸಿದೆ. ನಾಮಿನಿ ಮಗ, ಬೆಂಗಳೂರಿನಲ್ಲಿ ಸಾಫ್ಟ್‌ವೇರ್. ನಂಬರ್ ಇತ್ತು. ಹಚ್ಚಿದೆ.

"ಹೈದರಾಬಾದಾ? ಯಾವ ಹೈದರಾಬಾದ್? ಮೇಡಂ, ದಯವಿಟ್ಟು ಕಳಿಸಬೇಡಿ, ನಾನು ಈಗಲೇ ಮಾತಾಡ್ತೀನಿ" ಅಂದ ಮಗ. ನನಗೆ ಖಾತ್ರಿಯೇ ಆಗಿಹೋಯಿತು.

ಕ್ಯಾಬಿನ್‌ಗೆ ವಾಪಸ್ ಬರುವಷ್ಟರಲ್ಲಿ ಮಗನ ಕಾಲ್ ಅವರ ಕಿವಿಗೆ ಬಂದಿತ್ತು. ಅದು ಇಯರ್‌ಫೋನ್ ಅಲ್ಲ, ಹಿಯರಿಂಗ್ ಏಡ್. ಫೋನಿಗೆ ಬ್ಲೂಟೂತ್‌ನಲ್ಲಿ ಜೋಡಿಸಿಕೊಂಡಿದ್ದರು. ಫೋನ್ ಇಡಿ ಅಂತ ನಾನು ಅಷ್ಟು ಸಲ ಹೇಳಿದ್ದು, ಅವರ ಕಿವಿಯನ್ನೇ ತೆಗೆದಿಡಿ ಅಂದ ಹಾಗೆ. ಅವರು ಮಗನಿಗೆ ಒಂದೂ ಮಾತು ಹೇಳಲಿಲ್ಲ. ಪೂರಾ ಕೇಳಿಸಿಕೊಂಡರು. ಆಮೇಲೆ, "ಸಂಜಿಗಿ ಮಾತಾಡ್ತೀನಿ" ಅಂತ ಕಟ್ ಮಾಡಿದರು. ನನ್ನ ಕಡೆ ತಿರುಗಿ, "ನನ್ನ ರೊಕ್ಕ, ನನ್ನ ಸಹಿ. ಮಗನ ಪರ್ಮಿಷನ್ ಬೇಕಂತ ನಿಮ್ಮ ಯಾವ ರೂಲಿನ್ಯಾಗ ಅದ, ತೋರಸ್ರಿ" ಅಂದರು.

ಯಾವ ರೂಲಿನಲ್ಲೂ ಇಲ್ಲ. ಗಿರಾಕಿಯ ಖಾತೆಯ ಮಾತು ಬೇರೆಯವರಿಗೆ ಹೇಳಬಾರದು ಅನ್ನುವ ರೂಲ್ ಮಾತ್ರ ಇದೆ, ನೌಕರಿಗೆ ಸೇರಿದ ದಿನವೇ ಸಹಿ ಹಾಕಿಸಿಕೊಳ್ಳುತ್ತಾರೆ. ನಾಮಿನಿ ಅಂದರೆ ಖಾತೆದಾರ ತೀರಿಕೊಂಡ ಮೇಲಿನ ಮಾತು. ಅವರು ಎದುರಿಗೇ ಕೂತಿರುವಾಗ ನಾಮಿನಿಗೆ ಏನು ಕೆಲಸ?

ಬಿ.ಎಂ. ಬಂದರು. ಮಾಸ್ತರು ಬ್ಯಾಗಿನಿಂದ ಒಂದು ಫೈಲ್ ತೆಗೆದು ಮೇಜಿನ ಮೇಲಿಟ್ಟರು. ಹೈದರಾಬಾದಿನಲ್ಲಿ ಹಿರಿಯರಿಗಾಗಿ ಕಟ್ಟಿದ ಮನೆಗಳ ಒಂದು ಕಾಲೊನಿ. ಡಾಕ್ಟರ್ ಅಲ್ಲೇ, ಊಟ ಅಲ್ಲೇ, ಲಿಫ್ಟ್ ಇದೆ. ಗಂಡ ಹೆಂಡತಿ ಇಬ್ಬರ ಹೆಸರಿನಲ್ಲಿ ಡೆಪಾಸಿಟ್. ಎರಡು ಸಲ ಹೋಗಿ ನೋಡಿ ಬಂದಿದ್ದಾರೆ, ಅಗ್ರಿಮೆಂಟನ್ನು ವಕೀಲರಿಗೆ ತೋರಿಸಿದ್ದಾರೆ. ಫೋನಿನಲ್ಲಿದ್ದದ್ದು ಅಲ್ಲಿಯ ಆಫೀಸಿನವರು. "ಇಲ್ಲಿ ಮೂರು ಅಂತಸ್ತಿನ ಮನಿ ಅದರಿ. ಮಕ್ಕಳು ಬರ್ತಾರಂತ ಕಟ್ಟಸ್ದೆ. ಮೂರರಾಗೂ ನಾವಿಬ್ಬರೇ ಅದೀವಿ. ಮಗಗ ಹೇಳಿದ್ರ, ಮಂದಿ ಏನಂತಾರ ಅಂತಾನ. ಎಲ್ಲಾ ಆದ ಮ್ಯಾಲ ಹೇಳೋಣಂತ ಇದ್ದೆ." ಅಷ್ಟು ಹೇಳಿ ನೀರು ಕುಡಿದರು.

ಆರ್‌ಟಿಜಿಎಸ್‌ನಲ್ಲಿ ಖಾತೆ ನಂಬರ್ ಹಾಕಿದರೆ ಎದುರಿನವರ ಹೆಸರು ತೋರಿಸುವ ಸೌಲಭ್ಯ ಆಗ ಇರಲಿಲ್ಲ. ರಿಸರ್ವ್ ಬ್ಯಾಂಕ್ ಹೇಳಿ ಅದು ಎಲ್ಲಾ ಬ್ಯಾಂಕಿಗೆ ಬಂದದ್ದು 2025ರ ಏಪ್ರಿಲ್‌ಗೆ. ಹಾಗಾಗಿ ಅಗ್ರಿಮೆಂಟಿನಲ್ಲಿದ್ದ ಖಾತೆ ನಂಬರನ್ನು ಫಾರ್ಮಿನ ಜೊತೆ ಒಂದೊಂದೇ ಅಂಕೆ ಓದಿ ತಾಳೆ ನೋಡಿದೆವು. ವೋಚರ್ ಪಾಸ್ ಮಾಡಿದೆ. ರೊಕ್ಕ ಕಳಿಸಿದ್ದಕ್ಕೆ ಗುರುತಾಗುವ ಯುಟಿಆರ್ ನಂಬರ್ ಬರೆದುಕೊಟ್ಟೆ. ಅವರು ಅದನ್ನು ತಮ್ಮ ಡೈರಿಯಲ್ಲಿ ಇನ್ನೊಮ್ಮೆ ಬರೆದುಕೊಂಡು ಎದ್ದು ಹೋದರು. ಬರ್ತೀನಿ ಅನ್ನಲಿಲ್ಲ.

ಹೆಡ್ ಕ್ಯಾಶಿಯರ್ ಕಾಕಾ ಊಟದ ಡಬ್ಬಿ ತೊಳೆದುಕೊಂಡು ಬಂದು, ಏನು ಗದ್ದಲ ಅಂತ ಕೇಳಿದರು. ಹೇಳಿದೆ. "ಅಯ್ಯ, ನನಗ್ ಕೇಳಿದ್ರ ಹೇಳ್ತಿದ್ನಲ್ಲವಾ. ಮಾಸ್ತರ್ ಹೈದರಾಬಾದಿಗಿ ಮನಿ ನೋಡ್ಲಕ್ ಹೋಗಿದ್ದು ನಮ್ಮ ಓಣಿಗೆಲ್ಲಾ ಗೊತ್ತದ" ಅಂದರು. ಓಣಿಗೆಲ್ಲಾ ಗೊತ್ತು, ಮಗನಿಗೆ ಗೊತ್ತಿಲ್ಲ. ಹತ್ತು ಹೆಜ್ಜೆ ದೂರದಲ್ಲಿ ಕೂತ ಕಾಕಾನನ್ನು ಕೇಳದೆ ನಾನು ಬೆಂಗಳೂರಿಗೆ ಫೋನ್ ಹಚ್ಚಿದ್ದೆ.

ಆ ವಾರ ಮುಗಿಯುವುದರೊಳಗೆ ಪಿಎಸ್ಐ ಹುಡುಗ ಮತ್ತೆ ಬಂದ. ಈ ಸಲ ಬ್ಯಾಗ್ ಇರಲಿಲ್ಲ. ಕ್ಯೂನಲ್ಲಿ ತನ್ನ ಸರದಿ ಬಂದರೂ ಹಿಂದಿನವರನ್ನು ಮುಂದೆ ಬಿಡುತ್ತಿದ್ದ. ಕೌಂಟರ್ ಖಾಲಿಯಾದ ಮೇಲೆ ಬಂದು ಫೋನಿನ ಪರದೆಯನ್ನೇ ನನ್ನ ಕಡೆ ತಿರುಗಿಸಿದ. ಬಾಯಿಂದ ಹೇಳಲಿಲ್ಲ.

ಟೆಲಿಗ್ರಾಂ ಗ್ರೂಪ್. ಹೋಟೆಲ್‌ಗಳಿಗೆ ಸ್ಟಾರ್ ಕೊಟ್ಟರೆ ದುಡ್ಡು. ಮೊದಲು ನೂರು, ಇನ್ನೂರು ನಿಜವಾಗಿ ಖಾತೆಗೆ ಬಂದಿದೆ. ಆಮೇಲೆ ಪ್ರೀಪೇಯ್ಡ್ ಟಾಸ್ಕ್. ಐದು ಸಾವಿರ ಹಾಕು, ಏಳು ಸಾವಿರ ತಗೋ. ಕಡೆಗೆ ದೊಡ್ಡ ಟಾಸ್ಕ್, ಅದಕ್ಕೆ ಲಿಮಿಟ್ ಸಾಲದೆ ನಮ್ಮ ಹತ್ತಿರ ಬಂದದ್ದು. ಅವ್ವನ ಬಂಗಾರ ಅಡವಿಟ್ಟ ರೊಕ್ಕ, ಎರಡು ಲಕ್ಷದ ಮೇಲೆ. ನಾನು ಓಕೆ ಒತ್ತಿದ ಸಂಜೆಯೇ, ಕಳಿಸಿದ ಕೂಡಲೇ ತಲುಪುವ ಐಎಂಪಿಎಸ್‌ನಲ್ಲಿ ಹೋಗಿತ್ತು.

ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಿದೆಯಾ ಅಂದೆ. ಇಲ್ಲ. ಗೊತ್ತಿಲ್ಲದೇನೂ ಅಲ್ಲ, ಕರೆಂಟ್ ಅಫೇರ್ಸ್‌ನಲ್ಲಿ ಓದಿದ್ದನಂತೆ. ಫೋನ್ ಮಾಡಿ ಒಬ್ಬರಿಗೆ ಬಾಯಿಬಿಟ್ಟು ಹೇಳುವುದು ಆಗಲಿಲ್ಲ ಅವನಿಗೆ. ಮೂರು ದಿನ ಆ ಕಳ್ಳನಿಗೇ ಪ್ಲೀಸ್ ಸರ್, ಪ್ಲೀಸ್ ಸರ್ ಅಂತ ಮೆಸೇಜ್ ಹಾಕುತ್ತಾ ಕೂತಿದ್ದ. ಅಷ್ಟರಲ್ಲಿ ರೊಕ್ಕ ಎಷ್ಟು ಖಾತೆ ದಾಟಿತ್ತೋ. ನಮ್ಮ ಕಡೆಯಿಂದಲೇ 1930 ಹಚ್ಚಿಸಿ ಕಂಪ್ಲೇಂಟ್ ಹಾಕಿಸಿದೆವು. ಎಲ್ಲೋ ಒಂದು ಖಾತೆಯಲ್ಲಿ ಕೆಲವು ಸಾವಿರ ಹೋಲ್ಡ್ ಆಯಿತು. ಅದನ್ನು ಬಿಡಿಸಿಕೊಳ್ಳಲು ಕೋರ್ಟಿಗೆ ಅರ್ಜಿ ಹಾಕಬೇಕು ಅಂದಾಗ, "ಹಂಗಾದ್ರ ಮನ್ಯಾಗ ಗೊತ್ತಾಗ್ತದಲ್ರೀ ಮೇಡಂ" ಅಂದ.

ಮಾಸ್ತರೂ ಮನೆಯಲ್ಲಿ ಹೇಳಿರಲಿಲ್ಲ, ಇವನೂ ಹೇಳಿರಲಿಲ್ಲ. ವಯಸ್ಸಾದವರಿಗೆ ಫೋನ್ ಗೊತ್ತಾಗಲ್ಲ, ಅದಕ್ಕೇ ಮೋಸ ಹೋಗ್ತಾರೆ ಅನ್ನೋ ಮಾತನ್ನು ನಮ್ಮ ಟ್ರೇನಿಂಗ್‌ನಲ್ಲಿ ಸ್ಲೈಡ್ ಹಾಕಿ ಹೇಳುತ್ತಾರೆ. ನಾನು ಕೌಂಟರ್‌ನಲ್ಲಿ ಕಂಡದ್ದು ಬೇರೆ. ವಯಸ್ಸಾದವರು ಕಳಿಸುವ ಮೊದಲು ನಾಲ್ಕು ಜನರನ್ನು ಕೇಳುತ್ತಾರೆ, ಚೀಟಿ ಇಟ್ಟುಕೊಳ್ಳುತ್ತಾರೆ, ಸೀಲ್ ಹಾಕಿ ಅನ್ನುತ್ತಾರೆ, ನಮ್ಮ ತಲೆ ತಿನ್ನುತ್ತಾರೆ. ಅವರನ್ನು ಬಲೆಗೆ ಹಾಕಬೇಕಾದರೆ ಮೊದಲು ಹೆದರಿಸಿ, ಯಾರ ಜೊತೆಗೂ ಮಾತಾಡದಂತೆ ಮಾಡಬೇಕು. ಡಿಜಿಟಲ್ ಅರೆಸ್ಟ್‌ನವರು ಮಾಡುವುದೂ ಅದನ್ನೇ. ಹುಡುಗರಿಗೆ ಅಷ್ಟು ಕಷ್ಟ ಪಡಬೇಕಾಗಿಲ್ಲ, ಅವರು ಮೊದಲೇ ಯಾರ ಜೊತೆಗೂ ಮಾತಾಡಲ್ಲ. ಬ್ರಾಂಚಿಗೆ ಬರುವುದೂ ಆ್ಯಪ್ ಕೈಕೊಟ್ಟಾಗ ಮಾತ್ರ. ಬಂದರೂ ಬೇಗ ಮುಗಿಸಿ ಕಳಿಸುವವರೇ ಅವರಿಗೆ ಒಳ್ಳೆಯ ಸ್ಟಾಫ್. ನಮಗೂ ಅಂಥವರೇ ಒಳ್ಳೆಯ ಗಿರಾಕಿ.

ಮಾಸ್ತರನ್ನು ಪ್ರಶ್ನೆ ಕೇಳಿದ್ದು ಸರಿ, ಈಗಲೂ ಕೇಳುತ್ತೇನೆ. ಮಗನಿಗೆ ಫೋನ್ ಹಚ್ಚಲ್ಲ. ತೀರಾ ಅನುಮಾನ ಬಂದರೆ ಅವರ ಎದುರಿಗೇ 1930 ಹಚ್ಚಿ, ಸ್ಪೀಕರ್‌ಗೆ ಹಾಕಿ, ಅವರ ಕೈಗೇ ಕೊಡುತ್ತೇನೆ. ಲಿಮಿಟ್ ಏರಿಸಲು ಬಂದ ಹುಡುಗರನ್ನೂ ಕೇಳುತ್ತೇನೆ. ಯಾರಿಗೆ ಕಳಿಸ್ತೀಯಪ್ಪ, ಮುಖ ನೋಡಿದ್ದೀಯಾ, ಮೊದಲು ಅವರೇ ನಿನಗೆ ದುಡ್ಡು ಹಾಕಿದ್ರಾ? ಮೂರನೇದಕ್ಕೆ ಕೆಲವರು ಫೋನಿನಿಂದ ತಲೆ ಎತ್ತುತ್ತಾರೆ. ಉಳಿದವರು ಇದೇನು ಆಂಟಿ ವಿಚಾರಣೆ ಅನ್ನುವ ಮುಖ ಮಾಡುತ್ತಾರೆ. ಮಾಡಲಿ.

ಮಾಸ್ತರು ಉಳಿದ ಎರಡು ಎಫ್‌ಡಿಗಳನ್ನು ಅವಧಿ ಮುಗಿದ ಕೂಡಲೇ ರಸ್ತೆಯಾಚೆಯ ಬ್ಯಾಂಕಿಗೆ ಸಾಗಿಸಿದರು. ಪೆನ್ಷನ್ ಖಾತೆ ಮಾತ್ರ ನಮ್ಮಲ್ಲೇ ಇದೆ. ನನ್ನ ಮೇಲಿನ ಪ್ರೀತಿಗಲ್ಲ, ಅದನ್ನು ಬದಲಾಯಿಸಲು ತಿರುಗಬೇಕಾದ ಆಫೀಸುಗಳ ಮೇಲಿನ ಭಯಕ್ಕೆ. ಮರುವರ್ಷ ಅವರ ಲೈಫ್ ಸರ್ಟಿಫಿಕೇಟ್ ಹೈದರಾಬಾದಿನಿಂದ ಮೊಬೈಲ್‌ನಲ್ಲೇ ಬಂತು. ಕಣ್ಣು ಮಿಟುಕಿಸುವುದನ್ನು ಅವರಿಗೆ ಯಾರೂ ಕೂಗಿ ಹೇಳಬೇಕಾಗಿ ಬಂದಿರಲಿಕ್ಕಿಲ್ಲ.

ಎರಡೂ ಕೇಸ್ ಬರೆದು ಆರ್.ಓ.ಗೆ ಮೇಲ್ ಹಾಕಿದ್ದೆ. ಅರವತ್ತು ದಾಟಿದವರಿಗೆ ಮಾತ್ರ ಸಿಸ್ಟಮ್‌ನಲ್ಲಿ ಅಲರ್ಟ್ ಬರುತ್ತೆ, ಲಿಮಿಟ್ ಏರಿಸುವಾಗ ಎಲ್ಲರಿಗೂ ಬರುವ ಹಾಗೆ ಮಾಡಿ ಅಂತ. ಹಿರಿಯ ನಾಗರಿಕರ ಬಗ್ಗೆ ನೀವು ತೋರಿದ ಕಾಳಜಿ ಶ್ಲಾಘನೀಯ ಅಂತ ಉತ್ತರ ಬಂತು. ಮೇಲ್ ಪೂರಾ ಓದಿರಲಿಲ್ಲ ಅನ್ನುವುದು ನನ್ನ ಅಂದಾಜು. ಅಲರ್ಟ್ ಈಗಲೂ ಅರವತ್ತಕ್ಕೇ ಶುರುವಾಗುತ್ತೆ.